ಹೆಳವರ ದಫ್ತರ

ವಾಚಕರೇ, ನಿಮ್ಮ ಮುತ್ತಜ್ಜನ ತಂದೆಯ ಹೆಸರು ಬಲ್ಲಿರಾ? ಸ್ಕಾಟ್ಲೆಂಡಿನವನಾದರೆ ಅದನ್ನು ಉಯಿಲುಗಳ ಕೋರ್ಟಿನ ದಫ್ತರದಲ್ಲಿ ಹುಡುಕುವನು. 1513ರಿಂದ ಉಳಿದುಬಂದ ಆ ಕಾಗದಗಳಲ್ಲಿ ಸತ್ತವನ ದನಕರು, ಧಾನ್ಯ, ಸಾಲ, ಎಷ್ಟೋ ವೇಳೆ ಹೆಂಡತಿ ಮಕ್ಕಳ ಹೆಸರುಗಳೂ ಉಂಟು. ಭೂಮಿಯೊಂದೇ ಇಲ್ಲ, 1868ರವರೆಗೆ ಅದನ್ನು ಉಯಿಲಿನಲ್ಲಿ ಕೊಡುವಂತಿರಲಿಲ್ಲ.

ನಮ್ಮ ಚನ್ನಗಿರಿಯ ಕಡೆ ಉಯಿಲೆಲ್ಲಿ ಬಂತು? ಮಿತಾಕ್ಷರ ನ್ಯಾಯದಂತೆ ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲಿತ್ತು, ಬರೆಯುವುದೇತಕ್ಕೆ? ರೈಸ್ ಸಾಹೇಬರು 1902ರಲ್ಲಿ ಅಚ್ಚುಹಾಕಿಸಿದ ಈ ತಾಲ್ಲೂಕಿನ ಶಾಸನಗಳಲ್ಲಿ ಅರಸರು, ದಾನಿಗಳು, ವೀರರು ಸಿಕ್ಕಾರು. ಸಾಮಾನ್ಯ ಒಕ್ಕಲಿನ ವಂಶಾವಳಿ ಸಿಕ್ಕುವುದು ಕಷ್ಟ.

ನಾಡಿನಲ್ಲಿ ಒಕ್ಕಲುಗಳ ದಫ್ತರ ಎತ್ತಿನೊಡನೆ ಮನೆಬಾಗಿಲಿಗೇ ಬರುತ್ತಿತ್ತು. ಹೆಳವರು ಹಿರಿಯರ ಹೆಸರುಗಳನ್ನು ಕೊಂಡಾಡಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ಕಾಳು ಪಡೆದು ಮುಂದಿನ ಮನೆಗೆ ನಡೆಯುವರು. ಇಂದಿಗೂ ಕೆಲವರು ಬರುವುದುಂಟು. ಬಂದರೆ ಬರಿಗೈಲಿ ಕಳುಹಬೇಡಿ. ಮುತ್ತಜ್ಜಿಯ ಹೆಸರಿದೆಯೇ ಎಂದು ಕೇಳಿರಿ. ಇಲ್ಲದಿದ್ದರೆ, ಮನೆಯಲ್ಲಿ ಬಲ್ಲವರು ಇರುವಾಗಲೇ ಬರೆಸಿರಿ.