ಮಟ್ಟು: ಗುಳ್ಳದ ಬೈಲಿನಿಂದ ಮಲ್ಪೆ ಬಂದರಿನವರೆಗೆ

ಉಡುಪಿಯಿಂದ ಮಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 10 ಕಿ.ಮೀ. ಬಂದರೆ ಕಟಪಾಡಿ ಪೇಟೆ. ಅಲ್ಲಿಂದ ಪಡುವಣಕ್ಕೆ ತಿರುಗುವ ರಸ್ತೆಯಲ್ಲಿ ಮೂರ್ನಾಲ್ಕು ಕಿ.ಮೀ. ಸಾಗಿದರೆ ಮಟ್ಟು. ಈಗ ಕಾಪು ತಾಲ್ಲೂಕಿಗೆ ಸೇರಿರುವ ಈ ಊರಿನ ಮೂಡುಬದಿಯಲ್ಲಿ ಗದ್ದೆಬೈಲು, ಅದನ್ನು ದಾಟಿದರೆ ಹೊಳೆಯ ಹಿನ್ನೀರು, ಅದರಾಚೆ ತೆಂಗಿನ ಸಾಲಿನ ಮರಳುಪಟ್ಟಿ, ಕೊನೆಗೆ ಅರಬ್ಬೀ ಸಮುದ್ರ. ಬೈಲಿನಲ್ಲಿ ಬೇಸಾಯದವರ ಮನೆಗಳಿದ್ದರೆ ಮರಳುಪಟ್ಟಿಯಲ್ಲಿ ಮೊಗವೀರರ ಕೊಪ್ಪಲು.

ಊರಿಗೆ ಹೆಸರು ತಂದದ್ದು ಕಡಲಲ್ಲ, ಬದನೆಕಾಯಿ. ಮಟ್ಟುಗುಳ್ಳ ಉರುಟಾಗಿದ್ದು, ತಿಳಿಹಸಿರು ಮೈಮೇಲೆ ಬೆಳ್ಳನೆಯ ಗೀರುಗಳಿರುತ್ತವೆ. ತೊಟ್ಟಿನಲ್ಲಿ ಮುಳ್ಳು ಇರುವುದರಿಂದ ಕೊಯ್ಯುವವರು ಎಚ್ಚರದಿಂದ ಕೈ ಹಾಕುತ್ತಾರೆ. ಸಿಪ್ಪೆ ತೆಳು, ತಿರುಳು ಬೇಗ ಬೇಯುತ್ತದೆ. ಹೆಚ್ಚಿದ ಹೋಳನ್ನು ಕಪ್ಪಾಗದಂತೆ ಕೂಡಲೇ ನೀರಿಗೆ ಹಾಕುವುದು ಇಲ್ಲಿನ ಅಡುಗೆಮನೆಯ ಕ್ರಮ. ಹುಳಿ, ಗೊಜ್ಜು, ಪೋಡಿ ಎಲ್ಲಕ್ಕೂ ಗುಳ್ಳ ಒದಗುತ್ತದೆ. ಆದರೆ ಅದರ ರುಚಿ ನಿಜವಾಗಿ ತಿಳಿಯುವುದು ತೆಂಗಿನಕಾಯಿ ಅರೆದು ಹಾಕದ ಬೋಳು ಹುಳಿಯಲ್ಲೇ.

ಗುಳ್ಳದ ಮೂಲವನ್ನು ಐತಿಹ್ಯವು 16ನೇ ಶತಮಾನದ ಸೋದೆ ಮಠದ ಯತಿ ವಾದಿರಾಜರಿಗೆ ಜೋಡಿಸುತ್ತದೆ. ಉಡುಪಿ ಕೃಷ್ಣಮಠದ ಪೂಜೆಯ ಸರದಿಯನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಬದಲಿಸಿ ಇಂದಿನ ಪರ್ಯಾಯ ಪದ್ಧತಿಗೆ ರೂಪ ಕೊಟ್ಟವರೂ ಅವರೇ ಎಂಬುದು ಮಠದ ಪರಂಪರೆ. ವಾದಿರಾಜರ ಆರಾಧ್ಯಮೂರ್ತಿ ಹಯಗ್ರೀವನಿಗೆ ಯಾರೋ ವಿಷ ಬೆರೆಸಿದ ನೈವೇದ್ಯ ಸಂದಿತಂತೆ, ಮೂರ್ತಿ ನೀಲಿಗಟ್ಟಿತಂತೆ. ಆಗ ಯತಿಗಳು ಮಟ್ಟುವಿನವರಿಗೆ ಬೀಜ ಕೊಟ್ಟು ಬೆಳೆಸಿದ ಗುಳ್ಳವನ್ನು ನೈವೇದ್ಯ ಮಾಡಿದ ಮೇಲೆ ನೀಲಿ ಇಳಿಯಿತು ಎಂದು ಕತೆ. ಇದನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಆದರೆ ಬೆಳೆಗಾರರಿಗೂ ಮಠಕ್ಕೂ ಇರುವ ನಂಟು ಮಾತ್ರ ಕತೆಯಲ್ಲ. ಪರ್ಯಾಯದ ಹೊತ್ತಿಗೆ ಮಟ್ಟುವಿನಿಂದ ಗುಳ್ಳದ ಹೊರೆಕಾಣಿಕೆ ಇಂದಿಗೂ ಉಡುಪಿಗೆ ಹೋಗುತ್ತದೆ.

ಮಳೆಗಾಲದ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲೇ ಗುಳ್ಳದ ಸಸಿ ನೆಡುವುದು ವಾಡಿಕೆ. ಚಳಿಗಾಲದಿಂದ ಬೇಸಿಗೆಯವರೆಗೆ ಕೊಯ್ಲು ನಡೆಯುತ್ತದೆ. ಕಡಲ ಮಗ್ಗುಲಿನ ಮರಳುಮಿಶ್ರಿತ ಮಣ್ಣು ಬಿಟ್ಟರೆ ಬೇರೆಡೆ ಈ ರುಚಿ ಬಾರದೆಂಬುದು ಬೆಳೆಗಾರರ ಮಾತು. ಅದೇ ಕಡಲೇ ಅವರ ತಲೆನೋವೂ ಹೌದು: ಹೊಳೆಯಲ್ಲಿ ಉಪ್ಪುನೀರು ಏರಿ ಗದ್ದೆಗೆ ನುಗ್ಗಿದರೆ ಬೆಳೆ ಕೈಗೆ ಸಿಗುವುದಿಲ್ಲ. ಬಿಟಿ ಬದನೆಯ ಚರ್ಚೆ ಎದ್ದಾಗ ಮಟ್ಟುವಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಕುಲಾಂತರಿ ಪ್ರಯೋಗಕ್ಕೆ ಆರಿಸಿಕೊಂಡ ಕರ್ನಾಟಕದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಮರುವರ್ಷ, 2011ರಲ್ಲಿ, ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹಾಗಿದ್ದೂ ಹೊರಗಿನ ಗುಳ್ಳ ಇದೇ ಹೆಸರಿನಲ್ಲಿ ಮಾರಾಟವಾಗುವುದುಂಟು. ಕೊಳ್ಳುವವರು ಪೇಟೆಗಿಂತ ಊರಲ್ಲೇ ಕೊಳ್ಳುವುದು ಮೇಲು.

ಗದ್ದೆ ನೋಡಿ ಹೊಳೆ ದಾಟಿದರೆ ಕಡಲತೀರ. ಇಲ್ಲಿಂದ ಬಡಗಣಕ್ಕೆ ಪಡುಕೆರೆಯ ಕಡೆಗೆ ಹೋಗುವ ಕಿರಿದಾದ ದಾರಿಗಾಗಿಯೇ ಮಟ್ಟುವಿಗೆ ಬರುವವರಿದ್ದಾರೆ. ಉದ್ಯಾವರದ ಹೊಳೆ ಸಮುದ್ರದ ಹತ್ತಿರ ಬಂದರೂ ನೇರ ಅದನ್ನು ಸೇರದೆ, ಕರಾವಳಿಗೆ ಸಮನಾಗಿ ಬಡಗು ದಿಕ್ಕಿಗೆ ಹರಿದು ಮಲ್ಪೆಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಹಾಗಾಗಿ ಪಟ್ಟಿಯ ಒಂದು ಮಗ್ಗುಲಲ್ಲಿ ತೆರೆ, ಇನ್ನೊಂದರಲ್ಲಿ ನಿಂತಂತಿರುವ ಹಿನ್ನೀರು. ಕೆಲವೆಡೆ ಕಡಲ್ಕೊರೆತ ತಡೆಯಲು ಕಲ್ಲು ಪೇರಿಸಿದ್ದಾರೆ. ದೊಡ್ಡ ವಾಹನಕ್ಕೆ ಈ ದಾರಿ ಹೇಳಿಸಿದ್ದಲ್ಲ. ಸೈಕಲ್, ಬೈಕು ಅಥವಾ ಸಣ್ಣ ಕಾರು ಸಾಕು. ಮನೆಗಳು ರಸ್ತೆಗೆ ಅಂಟಿಕೊಂಡಿವೆ, ಅಂಗಳದಲ್ಲಿ ಬಲೆ ಹರಡಿರುತ್ತದೆ. ನಿಧಾನ ಹೋಗುವುದು ನೋಟಕ್ಕೂ ಒಳ್ಳೆಯದು, ಊರವರಿಗೂ ಒಳ್ಳೆಯದು.

ಹೊಳೆಯಾಚೆಯ ಉದ್ಯಾವರ ಒಂದು ಕಾಲಕ್ಕೆ ಆಳುಪರ ರಾಜಧಾನಿ. ಅಲ್ಲಿನ ಎಂಟನೆಯ ಶತಮಾನದ ಕನ್ನಡ ವೀರಗಲ್ಲುಗಳು ಆ ಮನೆತನದ ಒಳಜಗಳದ ಕಾಳಗಗಳನ್ನು ಹೇಳುತ್ತವೆ. ಪಡುಕೆರೆಯಿಂದ ಸೇತುವೆ ದಾಟಿದರೆ ಮಲ್ಪೆ. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದಾದ ಇಲ್ಲಿ ನೋಡುವ ಹೊತ್ತು ಬೆಳಗಿನ ಜಾವ: ಬೋಟುಗಳಿಂದ ಮೀನು ಇಳಿಯುತ್ತಿರುತ್ತದೆ, ಏಲಂ ಕೂಗು ಜೋರಾಗಿರುತ್ತದೆ, ನೆಲ ಒದ್ದೆಯಾಗಿ ಜಾರುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಹೋದವರಿಗೆ ಕಾಣುವುದು ಸಾಲಾಗಿ ಕಟ್ಟಿಹಾಕಿದ ಬೋಟುಗಳು ಮಾತ್ರ. ಸೈಂಟ್ ಮೇರೀಸ್ ದ್ವೀಪದ ದೋಣಿಯೂ ಮಳೆಗಾಲದಲ್ಲಿ ನಿಲ್ಲುತ್ತದೆ. ಲಾವಾ ತಣಿದು ಕಂಬಗಳಾಗಿ ಸೀಳಿದ ಅಲ್ಲಿನ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ.

ಮಟ್ಟುವಿನಿಂದ ತೆಂಕಣಕ್ಕೆ ಹೋಗುವವರಿಗೆ ಕಾಪು ಇದೆ. ಅಲ್ಲಿನ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಅದನ್ನು ಏರಲು ಸಾಮಾನ್ಯವಾಗಿ ಸಂಜೆ ಹೊತ್ತಷ್ಟೇ ಬಿಡುವುದರಿಂದ ಕಾಪುವನ್ನು ದಿನದ ಕೊನೆಗೆ ಇಟ್ಟುಕೊಳ್ಳಬೇಕು. ಬೆಳಗ್ಗೆ ಮಲ್ಪೆ, ಅಲ್ಲಿಂದ ಪಡುಕೆರೆಯ ದಾರಿಯಾಗಿ ಮಟ್ಟು, ಸಂಜೆ ಕಾಪು ಎಂದು ಹೊರಟರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಂದವರಿಗೆ ಗಿಡದಲ್ಲಿ ಗುಳ್ಳವೂ ಕಾಣಸಿಗುತ್ತದೆ. ಮಟ್ಟುವಿನ ತೀರದಲ್ಲಿ ಅಂಗಡಿಗಳು ಕಡಿಮೆ, ನೀರು ಜೊತೆಗಿರಲಿ. ಮಳೆಗಾಲದಲ್ಲಿ ಇಲ್ಲಿ ಕಡಲಿಗೆ ಇಳಿಯಬಾರದು. ಉಳಿದ ದಿನಗಳಲ್ಲೂ ಸೆಳೆತ ಬಲವಾಗಿರುವುದರಿಂದ ಕೊಪ್ಪಲಿನವರನ್ನು ಕೇಳಿಯೇ ನೀರಿಗೆ ಕಾಲಿಡಬೇಕು.