ಕನಿಷ್ಠ ಕಾಲದ ಧ್ರುವಕ್ಷೇತ್ರ ಮತ್ತು 24ನೇ ಸೌರಚಕ್ರದ ಮುನ್ಸೂಚನೆ

ಸೌರಕಲೆಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆಂದು ಜರ್ಮನಿಯ ಹೈನ್ರಿಖ್ ಶ್ವಾಬೆ ತಿಳಿಸಿದ್ದು 1843ರಲ್ಲಿ. ಸರಾಸರಿ ಅವಧಿ 11 ವರ್ಷವೆಂದು ಆಮೇಲೆ ಗೊತ್ತಾಯಿತು. ಅಂದಿನಿಂದಲೂ ಚಕ್ರವನ್ನು ಅದರ ಗರಿಷ್ಠದಿಂದಲೇ ಅಳೆಯುವ ರೂಢಿ ಬೆಳೆದಿದೆ. ಆದರೆ ಚಕ್ರವೊಂದರ ಬಲಾಬಲ ಬಹುಮಟ್ಟಿಗೆ ನಿಶ್ಚಯವಾಗುವುದು ಅದಕ್ಕೂ ಮೊದಲೇ, ಕಲೆಗಳು ಹೆಚ್ಚುಕಡಿಮೆ ಕಾಣೆಯಾಗಿರುವ ಕನಿಷ್ಠ ಕಾಲದಲ್ಲಿ ಧ್ರುವಗಳ ಬಳಿ ಉಳಿದಿರುವ ಕಾಂತಕ್ಷೇತ್ರದಿಂದ ಎಂಬುದು ಈ ಲೇಖನದ ವಾದ.

ಕಲೆಗಳಲ್ಲಿ ಪ್ರಬಲ ಕಾಂತಕ್ಷೇತ್ರವಿದೆಯೆಂದು ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಹೇಲ್ ಕಂಡುಕೊಂಡದ್ದು 1908ರಲ್ಲಿ. ಕಲೆಗಳು ಸಾಮಾನ್ಯವಾಗಿ ವಿರುದ್ಧ ಧ್ರುವೀಯತೆಯ ಜೋಡಿಗಳಾಗಿ ಮೂಡುತ್ತವೆ. ಜೋಡಿ ಕೊಂಚ ಓರೆಯಾಗಿದ್ದು, ಸೂರ್ಯನ ಭ್ರಮಣದ ದಿಕ್ಕಿನಲ್ಲಿ ಮುಂದಿನ ಕಲೆ ಸಮಭಾಜಕಕ್ಕೆ ಹತ್ತಿರವಿರುತ್ತದೆ. ಈ ಚಿಕ್ಕ ಓರೆಯೇ ಎಲ್ಲದರ ಬೀಜ. ಕಲೆಗಳು ಚದುರಿದಂತೆ ಎರಡೂ ಗೋಳಾರ್ಧಗಳ ಮುಂದಿನ ಕಲೆಗಳ ಕಾಂತೀಯ ಅಭಿವಾಹ ಸಮಭಾಜಕದ ಬಳಿ ಪರಸ್ಪರ ರದ್ದಾಗುತ್ತದೆ. ಹಿಂದಿನ ಕಲೆಗಳದ್ದನ್ನು ಸೆಕೆಂಡಿಗೆ 10–20 ಮೀಟರ್ ವೇಗದ ಮೇಲ್ಮೈ ಹರಿವು ಧ್ರುವಗಳತ್ತ ಸಾಗಿಸುತ್ತದೆ. ಅದು ಅಲ್ಲಿನ ಹಳೆಯ ಕ್ಷೇತ್ರವನ್ನು ಮೊದಲು ಅಳಿಸಿ, ಅನಂತರ ತಿರುವುಮುರುವು ಮಾಡುತ್ತದೆ. ಎರಡು ಧ್ರುವಗಳೂ ಒಟ್ಟಿಗೆ ಮಗುಚಬೇಕೆಂದಿಲ್ಲ. ಹೆರಾಲ್ಡ್ ಬ್ಯಾಬ್‌ಕಾಕ್ ದಾಖಲಿಸಿದಂತೆ ದಕ್ಷಿಣ ಧ್ರುವ 1957ರ ನಡುವಿನಲ್ಲಿ ಮಗುಚಿದರೆ ಉತ್ತರ ಧ್ರುವ 1958ರ ನವೆಂಬರ್‌ವರೆಗೂ ಕಾಯಿತು. ಅಷ್ಟು ಕಾಲ ಸೂರ್ಯನ ಎರಡು ಧ್ರುವಗಳಲ್ಲೂ ಒಂದೇ ಧ್ರುವೀಯತೆ!

ಹೀಗೆ ಉಳಿಯುವ ಧ್ರುವಕ್ಷೇತ್ರವೇ ಮುಂದಿನ ಚಕ್ರದ ಬಲವನ್ನು ನಿಶ್ಚಯಿಸುತ್ತದೆಂಬ ವಾದಕ್ಕೆ 24ನೇ ಚಕ್ರ ಒಳ್ಳೆಯ ಒರೆಗಲ್ಲು. ಅದು 23ನೇ ಚಕ್ರಕ್ಕಿಂತ ಶೇ. 30ರಿಂದ 50ರಷ್ಟು ಪ್ರಬಲವಾಗಿರುತ್ತದೆಂದು ಅಮೆರಿಕದಲ್ಲಿ ಮೌಸುಮಿ ದಿಕ್ಪತಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ಲೆಕ್ಕಹಾಕಿದರು. ಶೇ. 35ರಷ್ಟು ದುರ್ಬಲವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ನಬ್ ರಾಯ್ ಚೌಧುರಿ ತಂಡ ಮರುವರ್ಷ ಪ್ರಕಟಿಸಿತು. ಎರಡೂ ಕಡೆ ಇದ್ದದ್ದು ಒಂದೇ ಜಾತಿಯ ಡೈನಮೊ ಮಾದರಿ, ಎಂದರೆ ಸೂರ್ಯನೊಳಗೆ ಕಾಂತಕ್ಷೇತ್ರ ಹುಟ್ಟಿ ಬೆಳೆಯುವ ಬಗೆಯ ಲೆಕ್ಕಾಚಾರ. ಭೇದವಿದ್ದದ್ದು ಸೂರ್ಯನ ನೆನಪಿನ ಆಳದಲ್ಲಿ: ಒಳಪದರಗಳಲ್ಲಿ ಕಾಂತಕ್ಷೇತ್ರದ ವಿಸರಣೆ, ಅಂದರೆ ಹರಡಿ ಕರಗುವಿಕೆ, ಮಂದವಾದರೆ ಹಲವು ಹಳೆಯ ಚಕ್ರಗಳ ಗುರುತು ಉಳಿಯುತ್ತದೆ, ತೀವ್ರವಾದರೆ ಒಂದೇ ಚಕ್ರದ್ದು. ಕಲೆಗಳ ಓರೆಯಲ್ಲಿ ಆಕಸ್ಮಿಕದ ಅಂಶ ಇರುವುದರಿಂದ ಚೌಧುರಿ ತಂಡ ಧ್ರುವಕ್ಷೇತ್ರವನ್ನು ಬರಿಯ ಸಿದ್ಧಾಂತದಿಂದ ಪಡೆಯಲು ಹೋಗದೆ, ಕನಿಷ್ಠ ಕಾಲದಲ್ಲಿ ಅಳೆದ ಮೌಲ್ಯವನ್ನೇ ಮಾದರಿಗೆ ಉಣಿಸಿತು. 2014ರ ಏಪ್ರಿಲ್‌ನಲ್ಲಿ ಕಲೆಗಳ 13 ತಿಂಗಳ ಸರಾಸರಿ ಸಂಖ್ಯೆ 116ಕ್ಕೆ ನಿಂತಿತು. ಹಿಂದಿನ ಚಕ್ರದ ಗರಿಷ್ಠ 180. ಚೌಧುರಿ ತಂಡದ ಅಂಕಿ ಇಷ್ಟು ಕರಾರುವಾಕ್ಕಾಗಿ ಕೂಡಿಬಂದದ್ದರಲ್ಲಿ ಅದೃಷ್ಟದ ಪಾಲೂ ಇರಬಹುದು. ಆದರೆ ದಿಕ್ಕು ಸರಿಹೋದದ್ದು ಅದೃಷ್ಟದಿಂದಲ್ಲ.

ಈ ವಿಧಾನದ ತೊಡಕು ದತ್ತಾಂಶದ್ದು. ಧ್ರುವಕ್ಷೇತ್ರದ ನಿರಂತರ ಮಾಪನ 1970ರ ದಶಕದ ನಡುವಿನಿಂದೀಚಿನದು. ಕೈಗೆ ಸಿಗುವ ಕನಿಷ್ಠಗಳು ಬೆರಳೆಣಿಕೆಯಷ್ಟೇ. ಆದ್ದರಿಂದಲೇ ಕೊಡೈಕೆನಾಲ್ ವೀಕ್ಷಣಾಲಯದ ಶತಮಾನದ ಗಾಜಿನ ಫಲಕಗಳಿಗೆ ಹೊಸ ಬೆಲೆ. ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಆ ಚಿತ್ರಗಳಲ್ಲಿ ಧ್ರುವಗಳ ಸುತ್ತ ಕಾಣುವ ಉಜ್ವಲ ಜಾಲವನ್ನು ಎಣಿಸಿದರೆ, ಮಾಪಕಗಳೇ ಇಲ್ಲದ ಕಾಲದ ಧ್ರುವಕ್ಷೇತ್ರದ ಅಂದಾಜು ದೊರೆಯುತ್ತದೆ. 25ನೇ ಚಕ್ರಕ್ಕೆ ಅಂತರರಾಷ್ಟ್ರೀಯ ತಜ್ಞರ ಮಂಡಳಿ 2019ರಲ್ಲಿ ಊಹಿಸಿದ್ದ ಗರಿಷ್ಠ 115. 2024ರ ಅಕ್ಟೋಬರ್‌ನಲ್ಲಿ ಸಂಖ್ಯೆ 160 ಮುಟ್ಟಿತು. ಈ ವ್ಯತ್ಯಾಸ ಧ್ರುವಕ್ಷೇತ್ರದ ಮಾಪನದ್ದೋ ಅದನ್ನು ಕಲೆಗಳ ಸಂಖ್ಯೆಗೆ ಹೊಂದಿಸುವ ಸೂತ್ರದ್ದೋ ಎಂದು ಬೇರ್ಪಡಿಸಲು ಆ ಫಲಕಗಳಷ್ಟು ದೀರ್ಘವಾದ ಸರಣಿಯೇ ಬೇಕು.