ಹಬ್ಬದ ಬೆಳಿಗ್ಗೆ ಕುಸಿದ ದೇವಾಲಯ



ಡಿಸೆಂಬರ್ 8 ಅಮಲೋದ್ಭವಿ ಮಾತೆಯ ಹಬ್ಬ. 1812ರಲ್ಲಿ ಇದೇ ಹಬ್ಬದ ಬೆಳಿಗ್ಗೆ, ಅಂದು ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯಾಲಿಫೋರ್ನಿಯದ ಸಾನ್ ಹುವಾನ್ ಕಪಿಸ್ತ್ರಾನೊ ಎಂಬಲ್ಲಿ ಜನರು ಬಲಿಪೂಜೆಗೆ ಸೇರಿದ್ದರು. ಪೂಜೆ ನಡೆಯುತ್ತಿರುವಾಗಲೇ ಭೂಮಿ ನಡುಗಿತು. ಗಂಟೆಗೋಪುರ ಉರುಳಿತು, ಕಲ್ಲಿನ ಛಾವಣಿ ಕುಸಿಯಿತು. ಪೂಜೆಗೆ ಬಂದಿದ್ದ 40 ಮಂದಿ ಮೂಲನಿವಾಸಿ ಕ್ರೈಸ್ತರು ಹಾಗೂ ಗಂಟೆ ಬಾರಿಸುತ್ತಿದ್ದ ಇಬ್ಬರು ಹುಡುಗರು ಪ್ರಾಣಬಿಟ್ಟರು.

ಈ ಮಿಷನ್ ಕೇಂದ್ರವನ್ನು 1776ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಸ್ಥಾಪಿಸಿದವರು ಫ್ರಾನ್ಸಿಸ್ಕನ್ ಗುರು ಜುನಿಪೆರೊ ಸೆರಾ. ಕ್ಯಾಲಿಫೋರ್ನಿಯದಲ್ಲಿ ಫ್ರಾನ್ಸಿಸ್ಕನರು ಕಟ್ಟಿದ 21 ಮಿಷನ್‌ಗಳಲ್ಲಿ ಇದು ಏಳನೆಯದು. ಮೊದಲಿದ್ದ ಹಸಿ ಇಟ್ಟಿಗೆಯ ದೇವಾಲಯ ಸಾಲದಾದಾಗ 1797ರಲ್ಲಿ ಕಲ್ಲಿನ ದೊಡ್ಡ ದೇವಾಲಯದ ಕೆಲಸ ಆರಂಭವಾಯಿತು. ಅಲ್ಲಿನ ಅಹಾಶೆಮೆನ್ ಜನರು ಒಂಬತ್ತು ವರ್ಷ ಕಲ್ಲು ಹೊತ್ತರು. 1806ರಲ್ಲಿ ಪ್ರತಿಷ್ಠಾಪನೆಯಾದ ಆ ದೇವಾಲಯ ನಿಂತದ್ದು ಆರೇ ವರ್ಷ.

ಆ ಶ್ರಮದಲ್ಲಿ ಭಕ್ತಿಯಿತ್ತು, ಬಲವಂತವೂ ಇತ್ತು. ದೀಕ್ಷಾಸ್ನಾನ ಪಡೆದವರಿಗೆ ಅನುಮತಿಯಿಲ್ಲದೆ ಮಿಷನ್ ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಛಡಿಯೇಟೂ ಬೀಳುತ್ತಿತ್ತು. ಹೊರಗಿನಿಂದ ಬಂದ ರೋಗಗಳು ಸಾವಿರಾರು ಜನರನ್ನು ಬಲಿ ತೆಗೆದುಕೊಂಡವು. ಮುಂದೆ ಮೆಕ್ಸಿಕೊ ಸರ್ಕಾರ ಮಿಷನ್‌ಗಳನ್ನು ವಶಪಡಿಸಿಕೊಂಡಾಗಲೂ ಭೂಮಿಯ ಬಹುಪಾಲು ಈ ಜನರ ಕೈಸೇರಲಿಲ್ಲ. 1845ರಲ್ಲಿ ಮಾರಾಟವಾಗಿದ್ದ ಕಪಿಸ್ತ್ರಾನೊ ಮಿಷನ್ನಿನ ಕಟ್ಟಡಗಳು 1865ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ನರ ಸಹಿಯಿಂದ ಧರ್ಮಸಭೆಗೆ ಮರಳಿದವು.

2015ರ ಜುಲೈನಲ್ಲಿ ಬೊಲಿವಿಯದಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು, ಅಮೆರಿಕ ಖಂಡದ ಮೂಲನಿವಾಸಿಗಳ ವಿರುದ್ಧ ನಡೆದ ಪಾಪಗಳಿಗಾಗಿ ಕ್ಷಮೆ ಬೇಡಿದರು. ಅದೇ ಸೆಪ್ಟೆಂಬರ್ 23ರಂದು ಸೆರಾರವರನ್ನು ಸಂತರೆಂದು ಘೋಷಿಸಿದರು. ಮೂಲನಿವಾಸಿಗಳಲ್ಲಿ ಅನೇಕರು ಇದನ್ನು ವಿರೋಧಿಸಿದರು. ಅವರ ನೋವನ್ನೂ ನಾವು ಕೇಳಿಸಿಕೊಳ್ಳಬೇಕು. ಸಂತರನ್ನು ಗೌರವಿಸುವುದೆಂದರೆ ಚರಿತ್ರೆಯ ಗಾಯವನ್ನು ಮುಚ್ಚಿಡುವುದಲ್ಲ.

ಕುಸಿದ ಕಲ್ಲಿನ ದೇವಾಲಯವನ್ನು ಮತ್ತೆ ಕಟ್ಟಲಿಲ್ಲ, ಅದರ ಅವಶೇಷ ಹಾಗೆಯೇ ನಿಂತಿದೆ. ಸಂತ ಸೆರಾ ದೃಢೀಕರಣ ಸಂಸ್ಕಾರ ನೀಡಿದ ಹಳೆಯ ಮಣ್ಣಿನ ದೇವಾಲಯ ಮಾತ್ರ ಉಳಿದು, ಇಂದಿಗೂ ಅಲ್ಲಿ ಬಲಿಪೂಜೆ ನಡೆಯುತ್ತದೆ. ಅಹಾಶೆಮೆನ್ ಜನರ ವಂಶಜರೂ ಆ ಊರಿನಲ್ಲಿ ಇದ್ದಾರೆ.

ಪ್ರಿಯರೇ, ದೇವಾಲಯದ ಚರಿತ್ರೆ ಬರೆಯುವಾಗ ನಾವು ಗುರುಗಳ ಹೆಸರು, ದಾನಿಗಳ ಹೆಸರು ಬರೆಯುತ್ತೇವೆ. ಕಲ್ಲು ಹೊತ್ತವರ ಹೆಸರು ಬಿಟ್ಟುಹೋಗುತ್ತದೆ. ಆದರೆ ಸಂತ ಪೇತ್ರರ ಪ್ರಕಾರ ದೇವರ ಮನೆಯ ಜೀವಂತ ಕಲ್ಲುಗಳು ವಿಶ್ವಾಸಿಗಳೇ. ಈ ಹಬ್ಬದಂದು ನಿಮ್ಮ ಮನೆಯ ಜಪಸರದಲ್ಲಿ ಆ 42 ಮಂದಿಯನ್ನು ನೆನೆಯಿರಿ. ದೀನರನ್ನು ಮೇಲೆತ್ತುವ ದೇವರನ್ನು ಕೊಂಡಾಡಿದ ಮಾತೆ ಮರಿಯಮ್ಮನವರು ಅವರಿಗಾಗಿಯೂ ನಮಗಾಗಿಯೂ ಪ್ರಾರ್ಥಿಸಲಿ. ಆಮೆನ್.